ಲೇಸರ್ ಹಾರಿಸುವ ಉಪಗ್ರಹದ ಡಿಜಿಟಲ್ ಚಿತ್ರ ಬಿಡಿಸುತ್ತಿದ್ದೇನೆ. ಲೇಸರ್ ಗೆರೆ ಯಾಕೆ ನಕಲಿ ಅನ್ನಿಸುತ್ತದೆ?

ಗೆರೆಯೇ ತೊಂದರೆ. ಬಾಹ್ಯಾಕಾಶದಲ್ಲಿ ಲೇಸರ್ ಕಿರಣ ಪಕ್ಕದಿಂದ ನೋಡುವವರಿಗೆ ಕಾಣುವುದೇ ಇಲ್ಲ.

ಮನೆಯಲ್ಲಿ ಲೇಸರ್ ಪಾಯಿಂಟರ್ ಹಿಡಿದು ನೋಡಿ. ಗೋಡೆ ಮೇಲೆ ಚುಕ್ಕಿ ಇದೆ, ನಡುವೆ ಏನೂ ಕಾಣಲ್ಲ. ಊದಿನಕಡ್ಡಿ ಹೊಗೆ ಅಡ್ಡ ಬರಲಿ, ತಟ್ಟನೆ ಗೆರೆ ಮೂಡುತ್ತದೆ. ಹೊಗೆಯ ಕಣಗಳು ಬೆಳಕನ್ನು ನಿಮ್ಮ ಕಣ್ಣಿನ ಕಡೆ ಚದುರಿಸುತ್ತವೆ, ಅಷ್ಟೇ. ಮೇಲೆ ಬಾಹ್ಯಾಕಾಶದಲ್ಲಿ ಹಾಗೆ ಚದುರಿಸಲು ಗಾಳಿಯೂ ಇಲ್ಲ, ಹೊಗೆಯೂ ಇಲ್ಲ.

ಹಾಗಾಗಿ ಬೆಳಕು ತಾಗಿದ ಜಾಗವನ್ನು ಬಿಡಿಸಿ. ಗುರಿಯ ಮೇಲೆ ಕಣ್ಣು ಕುಕ್ಕುವ ಬಿಳಿ ಚುಕ್ಕಿ, ಸುತ್ತ ಕೆಂಪಗೆ ಕಾದ ಲೋಹ, ಅಲ್ಲಿಂದ ಎದ್ದ ಆವಿ. ಆ ಆವಿಯೊಳಗೆ ಮಾತ್ರ ಕಿರಣದ ಒಂದು ತುಂಡು ಕಾಣಲಿ. ಹೊಳಪನ್ನು ಬೇರೆ ಲೇಯರ್‌ನಲ್ಲಿ ಹಾಕಿ, ಬ್ಲೆಂಡ್ ಮೋಡ್ (ಲೇಯರ್ ತನ್ನ ಕೆಳಗಿನದರ ಜೊತೆ ಬೆರೆಯುವ ರೀತಿ) 'ಸ್ಕ್ರೀನ್'ಗೆ ಇಡಿ. ಆಗ ಕೆಳಗಿನ ಬಣ್ಣ ಮುಚ್ಚಿಹೋಗದೆ ಬೆಳಗುತ್ತದೆ. ನೆರಳಿನ ಅಂಚು ಚೂಪಾಗಿರಲಿ. ಭೂಮಿ ಕಡೆಯಿಂದ ಸ್ವಲ್ಪ ನೀಲಿ ಬೆಳಕು ಕೊಡಿ. ಗೆರೆ ಬೇಕೇ ಬೇಕು ಅಂದರೆ ಎಳೆಯಿರಿ, ತಪ್ಪೇನಿಲ್ಲ. ನೋಡುವವರು ಅದಕ್ಕೇ ಒಗ್ಗಿಹೋಗಿದ್ದಾರೆ ಅಲ್ವಾ?

ಉಪಗ್ರಹದ ಆಕಾರಕ್ಕೆ, ಸೋವಿಯತ್ ಒಕ್ಕೂಟ 1987ರ ಮೇ 15ರಂದು ಹಾರಿಸಿದ 'ಪೋಲ್ಯುಸ್' ಫೋಟೊ ಹುಡುಕಿ. ಸುಮಾರು 37 ಮೀಟರ್ ಉದ್ದದ ಕಪ್ಪು ಕೊಳವೆ. ಲೇಸರ್ ಅಸ್ತ್ರ ಹೊರುವ ಉಪಗ್ರಹದ ಮಾದರಿ ಅದು, ಆದರೆ ಆ ಅಸ್ತ್ರವನ್ನೇ ಒಳಗೆ ಇಟ್ಟಿರಲಿಲ್ಲ. ಕಕ್ಷೆಯನ್ನೂ ಸೇರದೆ ಪೆಸಿಫಿಕ್ ಸಾಗರಕ್ಕೆ ಬಿತ್ತು. ನನಗಂತೂ ಮಿರಮಿರ ಬೆಳ್ಳಿ ಬಣ್ಣಕ್ಕಿಂತ ಆ ಮಂಕು ಕಪ್ಪೇ ಜಾಸ್ತಿ ಭಯ ಹುಟ್ಟಿಸುತ್ತದೆ.