ಕಳೆದದ್ದನ್ನು ಅವತ್ತೇ ವಾಪಸ್ ತರುವ ಹಟ

ಪ್ರಶ್ನೆ: ಷೇರುಪೇಟೆಯ ನಿಫ್ಟಿ ಆಪ್ಷನ್‌ನಲ್ಲಿ (ನಿಫ್ಟಿ ಸೂಚ್ಯಂಕದ ಏರಿಳಿತದ ಮೇಲಿನ ವ್ಯವಹಾರ) ಬೆಳಿಗ್ಗೆ ನಷ್ಟವಾದರೆ ಅವತ್ತೇ ವಾಪಸ್ ತರಬೇಕು ಅಂತ ಎರಡು ಪಟ್ಟು ಲಾಟ್ (ಆಪ್ಷನ್ ವ್ಯವಹಾರದ ಕನಿಷ್ಠ ಕಟ್ಟು) ಹಾಕುತ್ತೇನೆ. ಸಂಜೆ ಮನೆಯವರ ಮೇಲೆ ರೇಗುತ್ತೇನೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಮಾತು ‘ಎರಡು ಪಟ್ಟು’. ಸಾವಿರ ಕಳೆದುಕೊಂಡ ಸಂಕಟ ಸಾವಿರ ಗಳಿಸಿದ ಖುಷಿಗಿಂತ ಜೋರು ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದರು. ಆ ಸಂಕಟ ತಡೆಯಲಾರದೆ ಮನುಷ್ಯ ಇನ್ನೂ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾನೆ. ನಿಮಗೂ ಆಗುತ್ತಿರುವುದು ಇದೇ ಅಲ್ವಾ?

ಆ ಹೊತ್ತಿನಲ್ಲಿ ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. 9.15ಕ್ಕೆ ಮಾರುಕಟ್ಟೆ ತೆರೆಯುವ ಮೊದಲೇ, ತಲೆ ತಣ್ಣಗಿರುವಾಗ, ‘ಇವತ್ತು ಇಷ್ಟು ಹೋದರೆ ಸಾಕು’ ಅಂತ ಒಂದು ಮೊತ್ತ ಬರೆದಿಡಿ. ಆರ್ಡರ್ ಜೊತೆಗೇ ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡುವ ಆರ್ಡರ್) ಹಾಕಿ, ಆಮೇಲೆ ಅದನ್ನು ಕೆಳಗೆ ಸರಿಸಬೇಡಿ. ಕೆಲವು ಬ್ರೋಕರ್ ಆ್ಯಪ್‌ಗಳಲ್ಲಿ ‘ಕಿಲ್ ಸ್ವಿಚ್’ ಇದೆ. ಒತ್ತಿದರೆ ಕೆಲವು ಗಂಟೆ ಹೊಸ ಆರ್ಡರ್ ಹೋಗುವುದಿಲ್ಲ. ನಿಮ್ಮ ಮೊತ್ತ ಮುಟ್ಟಿದ ಕೂಡಲೇ ಒತ್ತಿಬಿಡಿ.

ಇನ್ನೊಂದು ಮಾತು, ಬೇಜಾರಾದರೂ ಹೇಳುತ್ತೇನೆ. ಷೇರುಪೇಟೆಯ ನಿಯಂತ್ರಕ ಸೆಬಿಯ 2024ರ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ಸಾಮಾನ್ಯ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿಗೆ ನಷ್ಟವೇ ಆಗಿದೆ. ಹಾಕುತ್ತಿರುವುದು ಸಾಲದ ದುಡ್ಡಾದರೆ ಇವತ್ತೇ ನಿಲ್ಲಿಸಿ. ಎಷ್ಟು ಹೋಗಿದೆ ಅಂತ ಮನೆಯವರಿಗೆ ಬಾಯಿಬಿಟ್ಟು ಹೇಳಿ. ಸುಮ್ನೆ ಒಳಗೇ ಇಟ್ಟುಕೊಂಡರೆ ರೇಗಾಟ ಇನ್ನೂ ಜಾಸ್ತಿಯಾಗುತ್ತದೆ. ನಿದ್ದೆಯೂ ಹೋಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.