17 ಗಂಟೆ ಕೂತೇ ಇರಬೇಕಾ? ದೂರದ ವಿಮಾನ ಪ್ರಯಾಣ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಮನೆಗೆಂದು ವಿದೇಶಕ್ಕೆ ಹೊರಟ ಅಪ್ಪ-ಅಮ್ಮಂದಿರ ಬಗ್ಗೆ. ಕತ್ತಿಗೆ ಹಾಕುವ ದಿಂಬು ಯಾವುದು ಒಳ್ಳೆಯದು ಅಂತ ಕೇಳಿದವರೇ ಜಾಸ್ತಿ. ಕತ್ತು ವಾಲದಂತೆ ಹಿಡಿಯುವ ಯಾವ ದಿಂಬಾದರೂ ಆದೀತು. ಅದಕ್ಕಿಂತ ಮುಖ್ಯವಾದ ನಾಲ್ಕು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 68 ವರ್ಷ. ತಂಗಿಯ ಬಾಣಂತನಕ್ಕೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಬ್ಬರೇ ಹೊರಟಿದ್ದಾರೆ. ಅಷ್ಟು ಹೊತ್ತು ಕೂತರೆ ಕಾಲು ಊದುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ ಅಂತ ಎಲ್ಲರೂ ಹೆದರಿಸಿದ್ದಾರೆ. ಮುಂಚೆಯೇ ಒಂದು ಆಸ್ಪಿರಿನ್ ಕೊಡಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಕಾಲು ಊದುವುದು ಬೇರೆ, ರಕ್ತ ಹೆಪ್ಪುಗಟ್ಟುವುದು ಬೇರೆ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಬಿಗಿದು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರೆ ಆ ಕೆಲಸ ನಿಂತುಹೋಗುತ್ತದೆ. ನೀರಿನಂಶ ಪಾದಕ್ಕೆ ಇಳಿದು ಚಪ್ಪಲಿ ಬಿಗಿಯಾಗುತ್ತದೆ. ಎರಡೂ ಪಾದ ಒಂದೇ ತರ ಊದಿ, ಒಂದೆರಡು ದಿನದಲ್ಲಿ ಇಳಿದರೆ ಚಿಂತೆ ಬೇಡ.

ಹೆಪ್ಪುಗಟ್ಟುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ಅಧ್ಯಯನದ ಫಲಿತಾಂಶ ಪ್ರಕಟಿಸಿತು. 4 ಗಂಟೆ ಮೀರಿದ ಪ್ರಯಾಣದಲ್ಲಿ ಅಪಾಯ ಸುಮಾರು ದುಪ್ಪಟ್ಟಾಗುತ್ತದೆ ಎನ್ನುತ್ತದೆ ಅದು. ದುಪ್ಪಟ್ಟು ಅಂದ ಕೂಡಲೇ ಗಾಬರಿಯಾಗಬೇಡಿ. ಆರೋಗ್ಯವಾಗಿರುವವರಲ್ಲಿ ಇದು ಸುಮಾರು 6,000 ಪ್ರಯಾಣಿಕರಲ್ಲಿ ಒಬ್ಬರಿಗೆ ಬರುವ ತೊಂದರೆ. ವಿಮಾನ ಒಂದೇ ಅಲ್ಲ, ಬಸ್ಸು, ರೈಲು, ಕಾರಿನಲ್ಲಿ ಅಲ್ಲಾಡದೆ ಕೂತವರಿಗೂ ಅಪಾಯ ಇದ್ದದ್ದೇ.

ಪ್ರಯಾಣಕ್ಕೆಂದೇ ಆಸ್ಪಿರಿನ್ ಬೇಡ. ಹೃದಯದ ತೊಂದರೆಗೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅದನ್ನು ಎಂದಿನಂತೆ ಮುಂದುವರಿಸಲಿ. ಹಿಂದೆ ಒಮ್ಮೆ ರಕ್ತ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಮಂಡಿ ಅಥವಾ ಸೊಂಟದ ಆಪರೇಷನ್ ಆಗಿದ್ದರೆ, ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಟಿಕೆಟ್ ತೆಗೆಯುವ ಮೊದಲೇ ಅವರ ಡಾಕ್ಟರನ್ನು ಕಾಣಿ. ಅಂಥವರಿಗೆ ಮಂಡಿಯವರೆಗಿನ ಕಂಪ್ರೆಷನ್ ಸಾಕ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಾಲುಚೀಲ, ಉಪಯೋಗಕ್ಕೆ ಬರುತ್ತದೆ. ಕಾಲಿನ ಅಳತೆ ಕೊಟ್ಟೇ ತರಬೇಕು. ಕಾಲಿನ ರಕ್ತನಾಳ ಕಿರಿದಾಗಿರುವವರು ಅದನ್ನು ಹಾಕಬಾರದು.

ಇನ್ನು ಸೀಟಿನ ವಿಷಯ. ಅಮ್ಮ ಹೊರಗೆ ನೋಡಿಕೊಂಡು ಹೋಗಲಿ ಅಂತ ಮಕ್ಕಳು ಪ್ರೀತಿಯಿಂದ ಕಿಟಕಿ ಪಕ್ಕದ ಸೀಟು ಬುಕ್ ಮಾಡುತ್ತಾರೆ. ಆಮೇಲೆ ಆಗುವುದೇನು ಗೊತ್ತಾ? ಪಕ್ಕದವರನ್ನು ಎಬ್ಬಿಸಲು ಅಮ್ಮನಿಗೆ ಸಂಕೋಚ. ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾದೀತು ಅಂತ ನೀರೂ ಕುಡಿಯುವುದಿಲ್ಲ. ಮಂಡಿ ಹಿಡಿದುಕೊಳ್ಳುವುದು, ತಲೆನೋವು, ಕಾಲು ಊತ, ಎಲ್ಲಕ್ಕೂ ಆ ಸಂಕೋಚವೇ ದಾರಿ ಮಾಡಿಕೊಡುತ್ತದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ 2021ರ ಜನವರಿಯಲ್ಲಿ ಶುರುವಾದಾಗ ಪ್ರಯಾಣದ ಹೊತ್ತು ಸುಮಾರು 17 ಗಂಟೆ. ಅಷ್ಟು ಹೊತ್ತು ಒಬ್ಬರು ಸಂಕೋಚದಿಂದ ಕೂತೇ ಇರುವುದನ್ನು ಊಹಿಸಿಕೊಳ್ಳಿ. ಹಾಗಾಗಿ ನಡುದಾರಿ ಪಕ್ಕದ ಐಲ್ ಸೀಟೇ ಬೇಕು ಅಂತ ಹಟ ಹಿಡಿಯಿರಿ.

ಹೊರಡುವ ಮೊದಲು ಅಮ್ಮನಿಗೆ ಒಂದೆರಡು ವಿಷಯ ಹೇಳಿಕೊಡಿ. ವಿಮಾನದ ಬಾತ್‌ರೂಮಿನ ಬಾಗಿಲು ಎಷ್ಟೋ ಕಡೆ ಮಧ್ಯದಲ್ಲಿ ಮಡಚುವಂಥದ್ದು. ನಡುವೆ ತಳ್ಳಿದರೆ ತೆರೆಯುತ್ತದೆ. ಒಳಗೆ ಹೋಗಿ ಚಿಲಕ ಸರಿಸಿದ ಮೇಲೆಯೇ ಬೆಳಕು ಪೂರ್ತಿ ಬರುತ್ತದೆ. ಇದು ಗೊತ್ತಿಲ್ಲದೆ ಕತ್ತಲಲ್ಲಿ ಪರದಾಡಿದವರು ಎರಡನೇ ಸಲ ಆ ಕಡೆ ಹೋಗುವುದೇ ಇಲ್ಲ. ಗಗನಸಖಿಯನ್ನು ಕರೆಯುವ ಬಟನ್ ಎಲ್ಲಿರುತ್ತದೆ ಅಂತಲೂ ತೋರಿಸಿ. ನೀರು ಕೇಳುವುದು ತೊಂದರೆ ಕೊಟ್ಟಂತೆ ಅಲ್ಲ, ಅದು ಅವರ ಕೆಲಸ. ಗಂಟೆಗೊಮ್ಮೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ, ಆಮೇಲೆ ಬೆರಳು ಎತ್ತಿ ಇಳಿಸಲಿ. ಎರಡು ಗಂಟೆಗೊಮ್ಮೆ ಎದ್ದು ಓಡಾಡಲಿ. ಕೈಚೀಲವನ್ನು ಕಾಲ ಬುಡದಲ್ಲಿ ತುರುಕಿಕೊಂಡರೆ ಕಾಲು ಚಾಚಲು ಜಾಗ ಇರುವುದಿಲ್ಲ. ಅದು ಮೇಲಿನ ಶೆಲ್ಫಿಗೆ ಹೋಗಲಿ.

ಇಳಿದ ಮೇಲೆ, ಕೆಲವು ವಾರಗಳ ತನಕವೂ, ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ. ಈ ಮಾತನ್ನು ನಿಮ್ಮ ತಂಗಿಗೂ ಹೇಳಿ. ಬಾಣಂತಿಯರಿಗೆ ಹೆಪ್ಪುಗಟ್ಟುವ ಅಪಾಯ ಉಳಿದವರಿಗಿಂತ ಜಾಸ್ತಿ, ವಿಮಾನ ಹತ್ತದಿದ್ದರೂ.

ಪ್ರಶ್ನೆ: ಕೆಲಸದ ಮೇಲೆ ಆಗಾಗ ಯುರೋಪಿಗೆ ಹೋಗುತ್ತೇನೆ. ವಿಮಾನ ಹತ್ತಿದ ಒಂದೆರಡು ಗಂಟೆಗೆ ಹೊಟ್ಟೆ ಉಬ್ಬರಿಸಿ ಕೂರಲಾಗದು. ನೆಲದ ಮೇಲೆ ಈ ತೊಂದರೆ ಇಲ್ಲ. (ಹುಬ್ಬಳ್ಳಿಯ ಓದುಗರು)

ಉತ್ತರ: ತೊಂದರೆ ನಿಮ್ಮ ಹೊಟ್ಟೆಯದಲ್ಲ, ಗಾಳಿಯ ಒತ್ತಡದ್ದು. ವಿಮಾನ 11 ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತುದಿಯಲ್ಲಿ ರಾತ್ರಿಯಿಡೀ ಕೂತಂತೆ ಅಂದುಕೊಳ್ಳಿ. ಒತ್ತಡ ಕಡಿಮೆಯಾದಾಗ ಕರುಳಿನಲ್ಲಿರುವ ಗಾಳಿ ಹಿಗ್ಗುತ್ತದೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಕಾಲು ಭಾಗಕ್ಕಿಂತಲೂ ಜಾಸ್ತಿ ಹಿಗ್ಗಬಹುದು. ಬ್ಯಾಗಿನಲ್ಲಿರುವ ಚಿಪ್ಸ್ ಪ್ಯಾಕೆಟ್ ಉಬ್ಬಿ ಗಟ್ಟಿಯಾಗುವುದನ್ನು ನೋಡಿರಬೇಕಲ್ಲ, ಒಳಗೂ ಅದೇ ಕಥೆ.

ಹೊರಡುವ ದಿನ ಕಾಳಿನ ಪಲ್ಯ, ಎಲೆಕೋಸು, ಸೋಡಾ ಬಿಡಿ. ಊಟ ಅರ್ಧ ಹೊಟ್ಟೆ ಸಾಕು. ಕೊಟ್ಟದ್ದನ್ನೆಲ್ಲ ತಿನ್ನಬೇಕು ಅಂತೇನಿಲ್ಲ. ನಿಮಗೆ ಒಗ್ಗುವ ಸಸ್ಯಾಹಾರಿ ಊಟವನ್ನು ಕನಿಷ್ಠ 24 ಗಂಟೆ ಮೊದಲು ಕೇಳಿಟ್ಟರೆ ಒಳ್ಳೆಯದು. ಬಿಗಿ ಜೀನ್ಸ್, ಬೆಲ್ಟ್ ಬೇಡ. ಸೀರೆಯಲ್ಲೇ ಹಾಯಾಗಿರುವ ಹೆಂಗಸರು ಸೀರೆಯಲ್ಲೇ ಹೋಗಲಿ, ಲಂಗದ ಲಾಡಿ ಮಾತ್ರ ಸಡಿಲ ಇರಲಿ. ಗಾಳಿ ಬಂದರೆ ಎದ್ದು ಹೋಗಿ ಬಿಡಿ, ಹಿಡಿದು ಕೂರಬೇಡಿ. ಇಲ್ಲೂ ಸಂಕೋಚವೇ ಅಡ್ಡ ಬರುವುದು!

ಇದೇ ಒತ್ತಡದ ಕಾರಣಕ್ಕೆ ರಕ್ತದಲ್ಲಿ ಆಮ್ಲಜನಕವೂ ತುಸು ಇಳಿಯುತ್ತದೆ. ಆರೋಗ್ಯವಾಗಿರುವವರಿಗೆ ಗೊತ್ತೂ ಆಗುವುದಿಲ್ಲ. ಸಮತಟ್ಟು ನೆಲದಲ್ಲಿ 50 ಮೀಟರ್ ನಡೆದರೆ ಏದುಸಿರು ಬರುವವರು ಮಾತ್ರ ಡಾಕ್ಟರನ್ನು ಕೇಳದೆ ಹೊರಡಬಾರದು.

ಪ್ರಶ್ನೆ: 8 ತಿಂಗಳ ಮಗುವನ್ನು ಕರೆದುಕೊಂಡು ಮೆಲ್ಬೋರ್ನ್‌ಗೆ ಹೊರಟಿದ್ದೇವೆ. ಕಿವಿನೋವಿಗೆ ಏನು ಮಾಡಲಿ? ನಿದ್ದೆ ಬರುವ ಸಿರಪ್ ಕೊಡಿ ಅಂತ ಗೆಳತಿ ಹೇಳುತ್ತಾಳೆ. (ಮಂಗಳೂರಿನ ಓದುಗರು)

ಉತ್ತರ: ಸಿರಪ್ ಬೇಡವೇ ಬೇಡ. ನಿದ್ದೆ ಬರಿಸುವ ನೆಗಡಿ ಸಿರಪ್‌ಗಳು ಇಷ್ಟು ಚಿಕ್ಕ ಮಕ್ಕಳ ಉಸಿರಾಟಕ್ಕೇ ತೊಂದರೆ ಕೊಡಬಲ್ಲವು. ಕಿವಿ ಹೆಚ್ಚು ನೋಯುವುದು ವಿಮಾನ ಇಳಿಯುವಾಗ, ನೆಲ ಮುಟ್ಟುವ ಅರ್ಧ ಗಂಟೆ ಮೊದಲಿನಿಂದ. ಆಗ ಮಗುವನ್ನು ಎಬ್ಬಿಸಿ ಹಾಲು ಕುಡಿಸಿ. ನುಂಗಿದಾಗಲೆಲ್ಲ ಕಿವಿಯ ಒಳದಾರಿ ತೆರೆದು ಒತ್ತಡ ಸಮ ಆಗುತ್ತದೆ. ನೆಗಡಿ ಜೋರಾಗಿದ್ದರೆ ಹೊರಡುವ ಮೊದಲು ಮಕ್ಕಳ ಡಾಕ್ಟರಿಗೆ ಕಿವಿ ತೋರಿಸಿ. ಬೇಸಿನೆಟ್ (ಮಗುವನ್ನು ಮಲಗಿಸುವ ಪುಟ್ಟ ತೊಟ್ಟಿಲು) ಇರುವ ಸೀಟು ಕೆಲವೇ ಇರುತ್ತವೆ, ಟಿಕೆಟ್ ಜೊತೆಗೇ ಕೇಳಿ.

ಪ್ರಶ್ನೆ: ನನಗೆ 71. ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಮಗನನ್ನು ನೋಡಲು ಶಿಕಾಗೋಗೆ ಹೋಗಬೇಕು. ವಿಮಾನದಲ್ಲಿ ಕಣ್ಣೇ ಮುಚ್ಚುವುದಿಲ್ಲ. ಒಂದು ಅವಿಲ್ ನುಂಗಿ ಮಲಗಿಬಿಡು ಅಂತಾರೆ ಗೆಳೆಯರು. (ಮೈಸೂರಿನ ಓದುಗರು)

ಉತ್ತರ: ಗೆಳೆಯರ ಸಲಹೆ ಬಿಟ್ಟುಬಿಡಿ ಸಾರ್. ಅವಿಲ್‌ನಂಥ ಅಲರ್ಜಿ ಮಾತ್ರೆ ನಿಮ್ಮ ವಯಸ್ಸಿನಲ್ಲಿ ತಲೆ ಮಂಕು ಮಾಡುತ್ತದೆ, ಎದ್ದಾಗ ತಟ್ಟಾಡುವಂತೆ ಮಾಡುತ್ತದೆ. ಪ್ರಾಸ್ಟೇಟ್ ದಪ್ಪ ಆಗಿರುವ ಗಂಡಸರಿಗೆ ಮೂತ್ರ ಕಟ್ಟಿಕೊಳ್ಳಲೂಬಹುದು, ಅದೂ ಸಮುದ್ರದ ಮಧ್ಯೆ. ಮಾತ್ರೆಯ ಮೇಲೆ ಒಂದು ಪೆಗ್ ಸೇರಿದರಂತೂ ಕಾಲು ಮಡಚಿದ ಭಂಗಿಯಲ್ಲೇ ಗಂಟೆಗಟ್ಟಲೆ ಬಿದ್ದಿರುತ್ತೀರಿ.

ವಿಮಾನದಲ್ಲಿ ಮನೆಯಂಥ ನಿದ್ದೆ ಬರಲೇಬೇಕು ಅನ್ನುವ ಹಟವೇ ಬೇಡ. ಹತ್ತಿದ ಕೂಡಲೇ ಗಡಿಯಾರವನ್ನು ಶಿಕಾಗೋ ಹೊತ್ತಿಗೆ ತಿರುಗಿಸಿ. ಅಲ್ಲಿ ರಾತ್ರಿಯಾಗಿರುವಾಗ ಕಣ್ಣಿಗೆ ಪಟ್ಟಿ ಕಟ್ಟಿ, ಸೀಟು ಹಿಂದಕ್ಕೆ ವಾಲಿಸಿ, ಸುಮ್ನೆ ಒರಗಿ. ಸೊಂಟದ ಹಿಂದೆ ಮಡಚಿದ ಶಾಲು ಇಡಿ. ಸೀಟ್ ಬೆಲ್ಟ್ ಹೊದಿಕೆಯ ಮೇಲೆ ಕಾಣುವಂತಿದ್ದರೆ ಯಾರೂ ಎಬ್ಬಿಸುವುದಿಲ್ಲ. ತಲುಪಿದ ಮೇಲೆ ಹಗಲು ಬಿಸಿಲಿಗೆ ಹೋಗಿ ನಡೆದಾಡಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ. ನಮಗೂ ಶಿಕಾಗೋಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಅಂತರ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುವುದು. ಹಾಗಾಗಿ ಮೊದಲ ವಾರ ನಡುರಾತ್ರಿ ಎಚ್ಚರವಾದರೆ ಮಗನಿಗೆ ಗಾಬರಿಯಾಗದಂತೆ ಮೊದಲೇ ಹೇಳಿಡಿ.

ನೀವು ಕೇಳಲೇ ಇಲ್ಲ, ಆದರೆ ನಿಮ್ಮ ವಿಷಯದಲ್ಲಿ ನಿದ್ದೆಗಿಂತ ಇನ್ಸುಲಿನ್ ದೊಡ್ಡದು. ಅದನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಸಾಮಾನಿನ ಜಾಗದ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು, ಸೂಟ್‌ಕೇಸು ತಪ್ಪಿಯೂ ಹೋಗಬಹುದು. ಸೂಜಿ, ಗ್ಲೂಕೋಮೀಟರ್, ಡಾಕ್ಟರ ಚೀಟಿ, ನಾಲ್ಕು ಗ್ಲೂಕೋಸ್ ಬಿಸ್ಕತ್ತು ಕೈಚೀಲದಲ್ಲೇ ಇರಲಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ವಾಪಸ್ ಬರುವಾಗ ಗಿಡ್ಡವಾಗುತ್ತದೆ. ಯಾವ ಹೊತ್ತಿಗೆ ಎಷ್ಟು ಯೂನಿಟ್ ಅಂತ ನಿಮ್ಮ ಡಾಕ್ಟರ ಕೈಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಚೀಟಿ ಬರೆಸಿಕೊಳ್ಳಿ. ಊಟದ ತಟ್ಟೆ ಕಣ್ಣೆದುರು ಬರುವ ತನಕ ಊಟದ ಇನ್ಸುಲಿನ್ ಚುಚ್ಚಿಕೊಳ್ಳಬೇಡಿ. ವಿಮಾನ ಕುಲುಕಾಡಿದರೆ ಊಟ ಕೊಡುವುದನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.