ಸಾಬಿ ಸ್ಯಾಂಡ್‌ನಲ್ಲಿ ನಾಲ್ಕು ರಾತ್ರಿ: ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ನೀವು ಕೇಳಿದ್ದು ಇಷ್ಟು: ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ನೀವಿಬ್ಬರೂ ಕಾಲೇಜಿನಲ್ಲಿ ಓದುವ ಮಗಳೂ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕೆಂದಿದ್ದೀರಿ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಸಾಬಿ ಸ್ಯಾಂಡ್ ಎಂಬ ಖಾಸಗಿ ಅಭಯಾರಣ್ಯದಲ್ಲಿ ಒಂದು ರಾತ್ರಿಗೆ ಹೇಳುವ ದರ ಕಂಡು ಗಾಬರಿಯಾಗಿದೆ. ಕಬಿನಿಯಲ್ಲಿ ಹುಲಿ, ಚಿರತೆ ಎರಡನ್ನೂ ನೋಡಿದವರಿಗೆ ಅಲ್ಲಿ ಇನ್ನೇನು ಸಿಗುತ್ತದೆ, ಅಷ್ಟು ಹಣ ಕೊಡುವುದಾದರೆ ಹೇಗೆ ಯೋಜಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ನಾನು ಸಾಬಿ ಸ್ಯಾಂಡ್‌ಗೆ ಎರಡು ಬಾರಿ ಹೋಗಿ ಬಂದಿದ್ದೇನೆ. ಮೊದಲ ಸಲ ಹಣ ಕೊಠಡಿಗೆ ಹೋಯಿತು, ಎರಡನೇ ಸಲ ಕಾಡಿಗೆ ಹೋಯಿತು. ಆ ವ್ಯತ್ಯಾಸವನ್ನೇ ನಿಮಗೆ ವಿವರವಾಗಿ ಹೇಳಬೇಕೆನಿಸಿದೆ.

ಮೊದಲು ಜಾಗದ ವಿಷಯ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿಗೆ ಅಂಟಿಕೊಂಡಿರುವ ಸಾಬಿ ಸ್ಯಾಂಡ್ ಸುಮಾರು 65,000 ಹೆಕ್ಟೇರ್ ವಿಸ್ತಾರದ ಕಾಡು. ಎರಡರ ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತುಹಾಕಿದರು. ಅಂದಿನಿಂದ ಆನೆ, ಸಿಂಹಗಳಿಗೆ ಇದು ಖಾಸಗಿ, ಅದು ಸರ್ಕಾರಿ ಎಂಬ ಭೇದವಿಲ್ಲ. ಭೇದ ಇರುವುದು ಮನುಷ್ಯರಿಗೆ ಮಾತ್ರ. ಕ್ರೂಗರ್‌ನಲ್ಲಿ ನಿಮ್ಮದೇ ಕಾರಿನಲ್ಲಿ ಸುತ್ತಬಹುದು, ಖರ್ಚೂ ಬಹಳ ಕಡಿಮೆ. ಆದರೆ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಕತ್ತಲಾಗುವ ಮೊದಲು ತಂಗುವ ಶಿಬಿರದ ಗೇಟಿನೊಳಗೆ ಇರಬೇಕು. ಖಾಸಗಿ ಅಭಯಾರಣ್ಯದಲ್ಲಿ ಓಡಾಡುವುದು ಅಲ್ಲಿನ ಲಾಡ್ಜ್‌ಗಳ ತೆರೆದ ಜೀಪುಗಳು ಮಾತ್ರ. ಚಿರತೆಯೋ ಸಿಂಹವೋ ಕಂಡರೆ ದಾರಿ ಬಿಟ್ಟು ಪೊದೆಗಳ ನಡುವೆ ಹಿಂಬಾಲಿಸಬಹುದು, ಕತ್ತಲಾದ ಮೇಲೂ ದೀಪ ಹಿಡಿದು ಸುತ್ತಬಹುದು, ಗೈಡ್ ಜೊತೆಗೆ ನಡೆದೂ ಹೋಗಬಹುದು. ಒಂದು ಪ್ರಾಣಿಯ ಬಳಿ ಎರಡು ಮೂರಕ್ಕಿಂತ ಹೆಚ್ಚು ಜೀಪು ನಿಲ್ಲುವುದನ್ನು ನಾನು ನೋಡಲಿಲ್ಲ. ನಮ್ಮ ನಾಗರಹೊಳೆ, ಬಂಡೀಪುರಗಳಲ್ಲಿ ರಾತ್ರಿ ಸಫಾರಿಯೂ ಇಲ್ಲ, ದಾರಿ ಬಿಟ್ಟು ಹೋಗುವುದೂ ಇಲ್ಲ. ನಮ್ಮ ಕಾಡಿಗೆ ಆ ನಿಯಮವೇ ಸರಿ ಎಂದು ನಾನು ನಂಬಿದ್ದೇನೆ. ಆದರೆ ಕಬಿನಿಯಲ್ಲಿ ಹುಲಿ ರಸ್ತೆ ದಾಟಿ ಲಂಟಾನದೊಳಗೆ ಸೇರಿದರೆ ನಮ್ಮ ನೋಟ ಅಲ್ಲಿಗೆ ಮುಗಿಯುತ್ತದೆ. ಸಾಬಿ ಸ್ಯಾಂಡ್‌ನಲ್ಲಿ ನೋಟ ಶುರುವಾಗುವುದೇ ಆಗ.

ಎರಡನೇ ಭೇಟಿಯ ಒಂದು ಬೆಳಗ್ಗೆ ಹೇಳುತ್ತೇನೆ. ಜುಲೈ ತಿಂಗಳು, ಅಲ್ಲಿ ಚಳಿಗಾಲ. ಐದೂವರೆಗೆ ಬಾಗಿಲು ತಟ್ಟಿ ಎಬ್ಬಿಸಿದರು. ಜೀಪಿನಲ್ಲಿ ದಪ್ಪ ಕಂಬಳಿ, ಮಡಿಲಲ್ಲಿ ಬಿಸಿನೀರಿನ ಚೀಲ, ಆದರೂ ಮೂಗಿನ ತುದಿ ಮರಗಟ್ಟಿತ್ತು. ಅಲ್ಲಿನ ಜೀಪುಗಳಲ್ಲಿ ಬಾನೆಟ್ಟಿನ ಮುಂದಿನ ಮೂಲೆಗೆ ಒಂದು ಪುಟ್ಟ ಆಸನ ಕೂರಿಸಿರುತ್ತಾರೆ. ಅದು ಟ್ರ್ಯಾಕರ್, ಅಂದರೆ ಹೆಜ್ಜೆ ಗುರುತು ಓದಿ ಪ್ರಾಣಿಯನ್ನು ಹುಡುಕುವವರ ಜಾಗ. ಒಣಗಿದ ತೊರೆಯ ಮರಳಿಗೆ ಇಳಿಯುತ್ತಿದ್ದಂತೆ ಅವರು ಸುಮ್ಮನೆ ಅಂಗೈ ಎತ್ತಿದರು. ಎಂಜಿನ್ ನಿಂತಿತು. ಕೆಳಗಿಳಿದು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಹೆಜ್ಜೆ ಗುರುತಿನ ಸುತ್ತ ಕಡ್ಡಿಯಿಂದ ವೃತ್ತ ಎಳೆದು ನಮ್ಮನ್ನು ಕರೆದರು. ಇಬ್ಬನಿ ಬಿದ್ದು ಮರಳಿನ ಮೇಲೆ ತೆಳುವಾದ ಹೆಪ್ಪು ಕಟ್ಟಿತ್ತು. ಹೆಜ್ಜೆ ಆ ಹೆಪ್ಪನ್ನು ಒಡೆದು ಅಡಿಯ ಒಣ ಮರಳನ್ನು ಮೇಲೆ ತಂದಿತ್ತು. ಅಂದರೆ ಇಬ್ಬನಿ ಬಿದ್ದ ಮೇಲೆ ನಡೆದದ್ದು. ಪಕ್ಕದಲ್ಲೇ ಇದ್ದ ಕತ್ತೆಕಿರುಬದ ಹೆಜ್ಜೆಯ ಮೇಲೆ ಯಾವುದೋ ಹುಳ ಹರಿದ ದಾರದಂಥ ಗೆರೆ ಇತ್ತು. ಚಿರತೆಯ ಹೆಜ್ಜೆಯ ಮೇಲೆ ಇರಲಿಲ್ಲ, ಅಂದರೆ ಅದು ಹೊಸದು. ‘ಯಿಂಗ್ವೆ’ ಎಂದರು. ಅವರ ತ್ಸೋಂಗಾ ಭಾಷೆಯಲ್ಲಿ ಚಿರತೆಗೆ ಆ ಹೆಸರು.

ಅವರು ಒಬ್ಬರೇ ನಡೆದು ಹೋದರು. ನಾವು ಇಂಪಾಲಾ ಜಿಂಕೆಗಳ ಬೆದರಿದ ಸೀನಿನಂಥ ಕೂಗಿಗೆ ಕಿವಿಗೊಟ್ಟು ಕುಳಿತೆವು. ಮುಕ್ಕಾಲು ಗಂಟೆಯ ಮೇಲೆ ವಾಕಿಟಾಕಿಯಲ್ಲಿ ಕರೆ ಬಂತು. ಎಲೆ ಉದುರಿದ ಮರೂಲಾ ಮರದ ಕವಲಿನಲ್ಲಿ ಹೆಣ್ಣು ಚಿರತೆ, ಅದರ ಮುಂದೆ ನೇತಾಡುವ ಇಂಪಾಲಾ. ತಿನ್ನುವ ಮೊದಲು ಅದು ಬೇಟೆಯ ಕೂದಲನ್ನು ಹಲ್ಲಿನಿಂದ ಕಿತ್ತು ಕಿತ್ತು ಉಗುಳುತ್ತಿತ್ತು. ಎಳೆಬಿಸಿಲಿನಲ್ಲಿ ಆ ಕೂದಲು ಹತ್ತಿಯ ಎಳೆಯಂತೆ ತೇಲಿ ನಮ್ಮ ಬಾನೆಟ್ಟಿನ ಮೇಲೆ ಇಳಿಯಿತು. ಮರದ ಬುಡದಲ್ಲಿ ಕತ್ತೆಕಿರುಬವೊಂದು ಕತ್ತೆತ್ತಿ ಕಾಯುತ್ತಿತ್ತು. ಅಲ್ಲಿ ಒಂದೂಕಾಲು ಗಂಟೆ ಕುಳಿತೆವು, ಯಾರೂ ಮಾತಾಡಲಿಲ್ಲ. ನಾಗರಹೊಳೆಯ ಜೇನುಕುರುಬರು ಕಾಡನ್ನು ಓದುವುದನ್ನು ಹತ್ತಿರದಿಂದ ಕಂಡವನು ನಾನು. ಅದೇ ಬಗೆಯ ವಿದ್ಯೆ ಇನ್ನೊಂದು ಖಂಡದಲ್ಲಿ ಕಂಡಾಗ ಕಣ್ಣು ತುಂಬಿ ಬಂತು. ನೀವು ಕೊಡುವ ಹಣ ಈ ವಿದ್ಯೆಗೆ, ಆ ಬೇಲಿಯಿಲ್ಲದ ನೆಲಕ್ಕೆ. ಖಾಸಗಿ ಈಜುಕೊಳಕ್ಕಲ್ಲ.

ಹಾಗಾಗಿ ಮೊದಲ ಸಲಹೆ: ದುಬಾರಿ ಕೊಠಡಿಯಲ್ಲಿ ಎರಡು ರಾತ್ರಿ ಇರುವುದಕ್ಕಿಂತ ಸಾಧಾರಣ ಕೊಠಡಿಯಲ್ಲಿ ನಾಲ್ಕು ರಾತ್ರಿ ಇರಿ, ಅದೂ ಒಂದೇ ಲಾಡ್ಜ್‌ನಲ್ಲಿ. ಮೊದಲ ಸಲ ನಮ್ಮ ಪ್ರವಾಸ ಏಜೆಂಟರು ಎರಡು ಲಾಡ್ಜ್‌ಗಳಲ್ಲಿ ಎರಡೆರಡು ರಾತ್ರಿ ಹಂಚಿದ್ದರು. ಸಾಮಾನು ಕಟ್ಟುವುದರಲ್ಲಿ, ಬಿಚ್ಚುವುದರಲ್ಲಿ ಒಂದು ಇಡೀ ದಿನ ಹೋಯಿತು. ಗೈಡ್ ನಮ್ಮ ಆಸಕ್ತಿ ಏನೆಂದು ಅರಿಯುವ ಹೊತ್ತಿಗೆ ಹೊರಡುವ ಸಮಯ ಬಂತು. ಒಂದೇ ಕಡೆ ನಾಲ್ಕು ರಾತ್ರಿ ಇದ್ದರೆ ಎಂಟು ಸಫಾರಿ. ನಿನ್ನೆ ಕಂಡ ಚಿರತೆ ಇಂದು ಎಲ್ಲಿರಬಹುದು ಎಂದು ನೀವೇ ಯೋಚಿಸಲು ತೊಡಗುತ್ತೀರಿ.

ಲಾಡ್ಜ್ ಆರಿಸುವಾಗ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಮಿಂಚಂಚೆ ಬರೆದು ಕೇಳಿ. ಸಾಬಿ ಸ್ಯಾಂಡ್ ಒಂದೇ ಕಾಡಾದರೂ ಒಡೆತನ ಹಲವರದು; ಪ್ರತಿ ಲಾಡ್ಜ್ ಜೀಪಿಗೂ ಓಡಾಡಲು ಅನುಮತಿಯಿರುವ ನೆಲ ಬೇರೆ ಬೇರೆ. ನಿಮ್ಮ ಜೀಪು ಎಷ್ಟು ಹೆಕ್ಟೇರ್‌ನಲ್ಲಿ ಓಡಾಡಬಹುದು, ಅದರಲ್ಲಿ ನದೀತೀರ ಇದೆಯೇ ಎಂಬುದೇ ಮೊದಲ ಪ್ರಶ್ನೆಯಾಗಲಿ. ಚಳಿಗಾಲದಲ್ಲಿ ಕುಂಟೆಗಳು ಬತ್ತಿದಾಗ ಪ್ರಾಣಿಗಳು ನದಿಯತ್ತ ಬರುತ್ತವೆ. ಒಂದು ಜೀಪಿನಲ್ಲಿ ಎಷ್ಟು ಜನ, ಗೈಡ್ ಅಲ್ಲದೆ ಪ್ರತ್ಯೇಕ ಟ್ರ್ಯಾಕರ್ ಇರುತ್ತಾರೆಯೇ ಎಂಬುದನ್ನೂ ಕೇಳಿ. ಮಾಲಾಮಾಲಾ ಎಂಬ ಲಾಡ್ಜ್‌ನ ಹೆಸರು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಸುಮಾರು 13,000 ಹೆಕ್ಟೇರ್ ನೆಲ, ನಡುವೆ ಸ್ಯಾಂಡ್ ನದಿ. ಆ ನೆಲದಿಂದ ಹಿಂದೆ ಒಕ್ಕಲೆಬ್ಬಿಸಲ್ಪಟ್ಟ ನ್ವಾಂಡ್ಲಮಹಾರಿ ಸಮುದಾಯಕ್ಕೆ 2013ರಲ್ಲಿ ಅದರ ಒಡೆತನ ಮರಳಿ ಸಿಕ್ಕಿತು. ನಾವು ಕೊಡುವ ಹಣ ಯಾರಿಗೆ ಸೇರುತ್ತದೆ ಎಂದು ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಸುತ್ತಲ ಹಳ್ಳಿಗಳ ಎಷ್ಟು ಜನರಿಗೆ ಅಲ್ಲಿ ಕೆಲಸವಿದೆ ಎಂದು ಕೇಳಿ, ಒಳ್ಳೆಯ ಲಾಡ್ಜ್‌ಗಳು ಸಂತೋಷದಿಂದ ಉತ್ತರಿಸುತ್ತವೆ.

ದರ ಸ್ಥೂಲವಾಗಿ ಹೇಳುವುದಾದರೆ ಒಬ್ಬರಿಗೆ ಒಂದು ರಾತ್ರಿಗೆ ಐವತ್ತು ಸಾವಿರ ರೂಪಾಯಿ ಆಸುಪಾಸಿನಿಂದ ಶುರುವಾಗಿ, ಹೆಸರಾಂತ ಲಾಡ್ಜ್‌ಗಳಲ್ಲಿ ಎರಡು ಲಕ್ಷವನ್ನೂ ದಾಟುತ್ತದೆ. ಇದರಲ್ಲಿ ಊಟ, ತಿಂಡಿ, ದಿನಕ್ಕೆ ಎರಡು ಸಫಾರಿ ಸೇರಿರುತ್ತವೆ. ವಿಮಾನ, ಸಂರಕ್ಷಣಾ ಶುಲ್ಕ, ಭಕ್ಷೀಸು ಸಾಮಾನ್ಯವಾಗಿ ಬೇರೆ. ನೀವು ಮೂವರು ಎಂಬುದನ್ನು ಮರೆಯಬೇಡಿ: ಕೊಠಡಿಗಳು ಇಬ್ಬರ ಲೆಕ್ಕದವು, ಮಗಳಿಗೆ ಪ್ರತ್ಯೇಕ ಕೊಠಡಿ ಎಂದರೆ ಒಂಟಿ ತಂಗುವವರ ಹೆಚ್ಚುವರಿ ದರ ಬೀಳುತ್ತದೆ. ಕುಟುಂಬದ ಸೂಟ್ ಇದೆಯೇ ಎಂದು ಮೊದಲೇ ವಿಚಾರಿಸಿ. ನಾಲ್ಕು ರಾತ್ರಿ ಇದ್ದರೆ ಮೂರರ ಹಣ ಸಾಕು ಎನ್ನುವ ಕೊಡುಗೆಗಳೂ ಆಗಾಗ ಇರುತ್ತವೆ.

ಕಾಲ ಯಾವುದು ಎಂದರೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಹುಲ್ಲು ಒಣಗಿ ಕಣ್ಣು ದೂರ ಹರಿಯುತ್ತದೆ, ಸೊಳ್ಳೆ ಕಡಿಮೆ. ನವೆಂಬರ್ ಕೊನೆಗೆ ಹೋದರೆ ಹಸಿರು, ವಲಸೆ ಹಕ್ಕಿಗಳು, ಆಗಷ್ಟೇ ಹುಟ್ಟಿದ ಇಂಪಾಲಾ ಮರಿಗಳು. ಹಕ್ಕಿಪ್ರಿಯರಿಗೆ ಅದೇ ಸ್ವರ್ಗ. ಆದರೆ ಮೊದಲ ಭೇಟಿಗೆ ಚಳಿಗಾಲವೇ ಇರಲಿ. ಉಣ್ಣೆಯ ಟೋಪಿ, ಕೈಗವಸು ಕಡ್ಡಾಯ. ಆಫ್ರಿಕಾ ಎಂದರೆ ಬಿಸಿಲು ಎಂದು ತೆಳ್ಳಗಿನ ಬಟ್ಟೆ ಒಯ್ದವರು ತೆರೆದ ಜೀಪಿನಲ್ಲಿ ನಡುಗುವುದನ್ನು ನೋಡಿದ್ದೇನೆ.

ಜೋಹಾನ್ಸ್‌ಬರ್ಗ್‌ನಿಂದ ಕ್ರೂಗರ್ ಒಳಗಿನ ಸ್ಕುಕುಜಾ ವಿಮಾನ ನಿಲ್ದಾಣಕ್ಕೆ ಒಂದು ಗಂಟೆಯೊಳಗಿನ ವಿಮಾನವಿದೆ; ರಸ್ತೆಯಲ್ಲಿ ಐದಾರು ಗಂಟೆ. ಲಾಡ್ಜ್‌ನ ಮಣ್ಣಿನ ರನ್‌ವೇಯಲ್ಲಿ ಇಳಿಯುವ ಪುಟ್ಟ ವಿಮಾನ ಹಿಡಿಯುವುದಾದರೆ ಸಾಮಾನು ಸಾಮಾನ್ಯವಾಗಿ ಒಬ್ಬರಿಗೆ 20 ಕಿಲೋ, ಅದೂ ಮೆದು ಬಟ್ಟೆಯ ಚೀಲದಲ್ಲಿ. ಚಕ್ರದ ಗಟ್ಟಿ ಪೆಟ್ಟಿಗೆಗೆ ಜಾಗವಿಲ್ಲ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ, ಹಾರುವ ಮುನ್ನ ನಿಲ್ದಾಣದಲ್ಲೇ ಚೀಲ ಕೊಂಡು ಬಟ್ಟೆ ತುಂಬಿದೆವು. ಭಾರತೀಯರಿಗೆ ವೀಸಾ ಬೇಕು, ಎರಡು ತಿಂಗಳ ಮುಂಚೆ ಕೆಲಸ ಶುರುಮಾಡಿ. ದುಬೈ ಅಥವಾ ದೋಹಾ ಮೂಲಕ ಹೋದರೆ ಹಳದಿ ಜ್ವರದ ಲಸಿಕೆಯ ಚಿಂತೆ ಇಲ್ಲ. ಆಡಿಸ್ ಅಬಾಬಾ, ನೈರೋಬಿ ಮಾರ್ಗವಾದರೆ ನಿಯಮ ನೋಡಿಕೊಂಡು, ಬೇಕಿದ್ದರೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ಸಾಬಿ ಸ್ಯಾಂಡ್ ಮಲೇರಿಯಾ ಇರುವ ಪ್ರದೇಶ, ಚಳಿಗಾಲದಲ್ಲಿ ಅಪಾಯ ಕಡಿಮೆ. ಮಾತ್ರೆಯ ವಿಷಯ ವೈದ್ಯರನ್ನು ಕೇಳಿ. ಪುಟ್ಟ ಮಕ್ಕಳಿರುವವರು ಇದನ್ನು ಓದುತ್ತಿದ್ದರೆ, ಬೋಟ್ಸ್‌ವಾನಾ ಗಡಿಯ ಮಾಡಿಕ್ವೆ ಮಲೇರಿಯಾ ಇಲ್ಲದ ಕಾಡು, ಅದನ್ನು ಪರಿಗಣಿಸಿ.

ನೀವು ಸಸ್ಯಾಹಾರಿಗಳು ಎಂದು ಬರೆದಿದ್ದೀರಿ. ಚಿಂತೆ ಬೇಡ. ಕಾಯ್ದಿರಿಸುವಾಗಲೇ ಮೊಟ್ಟೆ, ಮೀನು ಕೂಡ ಇಲ್ಲ ಎಂದು ಬಿಡಿಸಿ ಬರೆಯಿರಿ. ಮೆಕ್ಕೆಜೋಳದ ಹಿಟ್ಟಿನ ‘ಪಾಪ್’ ಎಂಬ ಗಟ್ಟಿ ಗಂಜಿ ಕೊಡುತ್ತಾರೆ, ಟೊಮೆಟೊ ಗೊಜ್ಜಿನ ಜೊತೆ. ಬಟ್ಟಲಲ್ಲಿ ಅದನ್ನು ಬೆರಳಲ್ಲಿ ಮುರಿದಾಗ ನನಗೆ ರಾಗಿಮುದ್ದೆ ನೆನಪಾಯಿತು.

ಇನ್ನೊಂದು ಮಾತು ದಯವಿಟ್ಟು ಮರೆಯಬೇಡಿ. ಅಲ್ಲಿ ಕೊಂಬಿಲ್ಲದ ಘೇಂಡಾಮೃಗ ಕಂಡರೆ ಅಚ್ಚರಿಪಡಬೇಡಿ. ಕಳ್ಳಬೇಟೆಗಾರರಿಂದ ಉಳಿಸಲು ಕೊಂಬು ಕತ್ತರಿಸಿರುತ್ತಾರೆ. ಅವುಗಳ ಚಿತ್ರವನ್ನು ಜಾಗದ ಗುರುತಿನೊಂದಿಗೆ ಎಲ್ಲಿಯೂ ಹಾಕಬೇಡಿ. ಹೊರಡುವ ದಿನ ಗೈಡ್‌ಗೆ ಕೊಡುವಂತೆಯೇ ಟ್ರ್ಯಾಕರ್‌ಗೂ ಪ್ರತ್ಯೇಕವಾಗಿ ಭಕ್ಷೀಸು ಕೊಡಿ, ಕೈಗೆ ಕೊಟ್ಟು ‘ಇಂಕೋಮು’ ಎನ್ನಿ. ತ್ಸೋಂಗಾದಲ್ಲಿ ಧನ್ಯವಾದ ಎಂದು ಅರ್ಥ.

ಮಗಳ ಪರೀಕ್ಷೆ ಯಾವಾಗ ಮುಗಿಯುತ್ತದೆ, ಕೈಯಲ್ಲಿ ಒಟ್ಟು ಎಷ್ಟು ದಿನಗಳಿವೆ ಎಂದು ತಿಳಿಸಿ. ಜೂನ್ ಮೂರನೇ ವಾರ ಸಿಕ್ಕರೆ ಅದನ್ನೇ ಹಿಡಿಯಿರಿ. ಒಳ್ಳೆಯ ಲಾಡ್ಜ್‌ಗಳು ಎಂಟು ಹತ್ತು ತಿಂಗಳ ಮೊದಲೇ ತುಂಬಿಹೋಗುತ್ತವೆ.